ಬೇಲಿಯ ಆಚೆ ಯಾರ ತೋಟ?

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮಾತಿಗೆ ಬರವಿರುವುದಿಲ್ಲ. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆ ಕೊಯ್ದು ಹಸಿ ಅಡಿಕೆ ಅಂಗಳಕ್ಕೆ ಬಂದು ಬಿದ್ದರೆ ಅದನ್ನು ಹೆಚ್ಚು ದಿನ ರಾಶಿ ಹಾಕಿಡುವಂತಿಲ್ಲ. ರಾತ್ರಿಯ ಊಟ ಮುಗಿಸಿದ ಅಕ್ಕಪಕ್ಕದ ಮನೆಯವರೆಲ್ಲ ಬಂದು ಚಪ್ಪರದ ಕೆಳಗೆ ಮೆಟ್ಟುಗತ್ತಿಯ ಮಣೆ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಒಂದೆಡೆ ಹಂಡೆಯಲ್ಲಿ ಚೊಗರು ಕುದಿಯುತ್ತಿರುತ್ತದೆ. ಕೈ ತನ್ನ ಪಾಡಿಗೆ ಸಿಪ್ಪೆ ಬಿಡಿಸುತ್ತಿರುತ್ತದೆ, ಬಾಯಿ ಊರಿನ ಸುದ್ದಿಯಿಂದ ಭೂತದ ಕತೆಗೆ, ಭೂತದ ಕತೆಯಿಂದ ಸತ್ತವರ ನೆನಪಿಗೆ ಹರಿಯುತ್ತದೆ. ಚಪ್ಪರದ ಅಂಚಿನಾಚೆ ಡಿಸೆಂಬರಿನ ಆಕಾಶ.

ಅಂಥದೊಂದು ರಾತ್ರಿ, ನಾನಾಗ ಐದನೇ ತರಗತಿಯಲ್ಲಿದ್ದೆ, ಆಕಾಶ ಎಲ್ಲಿ ಮುಗಿಯುತ್ತದೆ ಎಂದು ಅಪ್ಪನನ್ನು ಕೇಳಿದೆ. ಎಲ್ಲೋ ಒಂದು ಕಡೆ ಮುಗಿಯಲೇಬೇಕು ಎಂದು ಅಪ್ಪ ಕೈಯಲ್ಲಿದ್ದ ಅಡಿಕೆಯಿಂದ ಕಣ್ಣೆತ್ತದೆ ಹೇಳಿದರು. ಅಷ್ಟಕ್ಕೆ ಮಾತು ಮುಗಿಯಬೇಕಿತ್ತು. ಆದರೆ ಪ್ರತಿವರ್ಷ ಸುಲಿಯಲು ಬರುತ್ತಿದ್ದ ಒಬ್ಬ ಹಿರಿಯರು, ಜೀವಮಾನವಿಡೀ ಬೇರೆಯವರ ತೋಟದಲ್ಲೇ ದುಡಿದವರು, ಕತ್ತಿಯ ಮೇಲೆ ಇಟ್ಟ ಅಡಿಕೆಯನ್ನು ಹಾಗೆಯೇ ಹಿಡಿದುಕೊಂಡು ಕೇಳಿದರು: "ಮುಗಿಯುವ ಕಡೆ ಬೇಲಿ ಹಾಕಿದ್ದಾರೆಯೇ? ಹಾಕಿದ್ದರೆ ಬೇಲಿಯ ಆಚೆ ಯಾರ ತೋಟ?"

ಎಲ್ಲರೂ ನಕ್ಕರು. ಆಚೆ ತೋಟವಿಲ್ಲ, ಬರೀ ಬಯಲು ಎಂದು ಯಾರೋ ಹೇಳಿದರು. "ಬಯಲಾದರೂ ಅದು ಜಾಗವೇ ಅಲ್ಲವೇ?" ಎಂದರು ಅವರು. ಅವರು ನಗಲಿಲ್ಲ. ಅವರಿಗೆ ಉತ್ತರ ಬೇಕಿತ್ತು. ಆ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಬಹಳ ವರ್ಷಗಳ ನಂತರ ಓದಿ ತಿಳಿದೆ, ಇದೇ ಪ್ರಶ್ನೆಯನ್ನು ಸುಮಾರು 2400 ವರ್ಷಗಳ ಹಿಂದೆ ಆರ್ಕೈಟಸ್ ಎಂಬ ಗ್ರೀಕ್ ಚಿಂತಕ ಕೇಳಿದ್ದನೆಂದು. ಜಗತ್ತಿನ ಕಟ್ಟಕಡೆಯ ಅಂಚಿಗೆ ಹೋಗಿ ನಿಂತೆ ಎಂದುಕೊಳ್ಳೋಣ, ಅಲ್ಲಿ ನನ್ನ ಕೈಯನ್ನೋ ಕೋಲನ್ನೋ ಆಚೆಗೆ ಚಾಚಲು ಆಗುತ್ತದೆಯೇ ಇಲ್ಲವೇ ಎಂಬುದು ಅವನ ಪ್ರಶ್ನೆ. ಚಾಚಲು ಆಯಿತೆಂದರೆ ಅದು ಅಂಚಲ್ಲ. ಆಗಲಿಲ್ಲವೆಂದರೆ ತಡೆಯುವಂಥದ್ದು ಆಚೆ ಏನೋ ಇದೆ. ಅವನ ಹೆಸರು ತತ್ವಶಾಸ್ತ್ರದ ಪುಸ್ತಕಗಳಲ್ಲಿ ಉಳಿದಿದೆ. ನಮ್ಮ ಚಪ್ಪರದ ಕೆಳಗೆ ಅದೇ ಮಾತನ್ನು ಬೇಲಿಯ ಭಾಷೆಯಲ್ಲಿ ಆಡಿದವರು ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ನನಗೆ ಆ ಇಬ್ಬರ ನಡುವೆ ಬುದ್ಧಿಯ ಅಂತರ ಕಾಣುವುದಿಲ್ಲ. ಬಿಡುವಿನ ಅಂತರ ಮಾತ್ರ ಕಾಣುತ್ತದೆ.

ಅವರಿಗೆ ಈಗ ಉತ್ತರ ಹೇಳುವಂತಿದ್ದರೆ ಎಲ್ಲಿಂದ ಆರಂಭಿಸುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅಂಗಳದಲ್ಲಿದ್ದ ಅಡಿಕೆಯಿಂದಲೇ ಆರಂಭಿಸುತ್ತಿದ್ದೆನೇನೋ. ಮೂರು ಸೆಂಟಿಮೀಟರ್ ಅಗಲದ ಒಂದು ದೊಡ್ಡ ಗೋಟಡಿಕೆಯನ್ನು ಸೂರ್ಯ ಎಂದುಕೊಂಡರೆ ನಮ್ಮ ಭೂಮಿ ಸಣ್ಣ ರವೆಯ ಒಂದು ಕಣ. ಅದು ಇರಬೇಕಾದ್ದು ಅಡಿಕೆಯಿಂದ ಮೂರು ಮೀಟರಿಗಿಂತ ತುಸು ಆಚೆ, ಅಂದರೆ ಚಪ್ಪರದ ಮುಂದಿನ ಕಂಬದ ಹತ್ತಿರ. ಇಷ್ಟು ಯಾರಿಗಾದರೂ ಹಿಡಿಸುತ್ತದೆ. ಆದರೆ ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಇದೇ ಅಳತೆಯಲ್ಲಿ ಇಡಬೇಕೆಂದರೆ ನಮ್ಮ ಸಾಗರ ಸೀಮೆಯ ಅಂಗಳದಿಂದ ಹೊರಟು ನಾಗಪುರದ ಹತ್ತಿರ ಅದನ್ನು ಇಟ್ಟು ಬರಬೇಕು. ನಡುವೆ ಅಷ್ಟು ದೂರವೂ ಹೆಚ್ಚುಕಡಿಮೆ ಖಾಲಿ. ಇಂಥ 10 ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳು ಕೂಡಿ ನಮ್ಮ ಹಾಲುಹಾದಿ ಆಗಿದೆ. ಸೂರ್ಯನನ್ನು ಅಡಿಕೆಯಷ್ಟಕ್ಕೆ ಕುಗ್ಗಿಸಿದ ಮೇಲೂ ಹಾಲುಹಾದಿಯ ಅಗಲ 2 ಕೋಟಿ ಕಿಲೋಮೀಟರ್, ಚಂದ್ರ ನಮ್ಮಿಂದ ಇರುವ ದೂರದ 50 ಪಟ್ಟು. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದ ದಿನ ಸೊನ್ನೆ ಹೆಚ್ಚು ಬರೆದೆನೇನೋ ಎಂದು ಮೂರು ಸಲ ತಿದ್ದಿ ನೋಡಿದೆ. ಸೊನ್ನೆ ಸರಿಯಾಗಿಯೇ ಇತ್ತು.

ಇನ್ನು ಬೇಲಿಯ ವಿಷಯ. ಬೇಲಿ ಇಲ್ಲ, ಆದರೆ ನೋಟಕ್ಕೆ ಮಿತಿ ಇದೆ. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಅಷ್ಟು ಕಾಲದಲ್ಲಿ ನಮ್ಮನ್ನು ಮುಟ್ಟಲು ಸಾಧ್ಯವಾದ ಬೆಳಕು ಎಲ್ಲಿಂದ ಹೊರಟಿತ್ತೋ ಅಲ್ಲಿಯವರೆಗೆ ಮಾತ್ರ ನಮಗೆ ಕಾಣುತ್ತದೆ. ಬೆಳಕು ದಾರಿಯಲ್ಲಿರುವಾಗಲೇ ಜಾಗವೂ ಹಿಗ್ಗುತ್ತಾ ಬಂದಿರುವುದರಿಂದ ನಮಗೆ ಕಾಣುವ ವಿಶ್ವದ ಅಡ್ಡಳತೆ ಈಗ ಸುಮಾರು 9300 ಕೋಟಿ ಜ್ಯೋತಿರ್ವರ್ಷ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ. ಹಲಸಿನ ಹಪ್ಪಳ ಒತ್ತುವಾಗ ಹಿಟ್ಟಿನಲ್ಲಿರುವ ಜೀರಿಗೆ ಕಾಳುಗಳು ಒಂದರಿಂದ ಒಂದು ದೂರ ಸರಿಯುವುದನ್ನು ನೋಡಿದವರಿಗೆ ಈ ಹಿಗ್ಗುವಿಕೆ ಅರ್ಥವಾಗುತ್ತದೆ. ಯಾವ ಕಾಳಿನ ಮೇಲೆ ಕುಳಿತು ನೋಡಿದರೂ ಉಳಿದವೆಲ್ಲ ತನ್ನಿಂದಲೇ ದೂರ ಹೋಗುತ್ತಿವೆ ಎನ್ನಿಸುತ್ತದೆ. ನಡುವಿನ ಕಾಳು ಎಂಬುದಿಲ್ಲ. ಹಪ್ಪಳಕ್ಕಾದರೋ ಅಂಚಿದೆ, ಹಾಗಾಗಿ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಅವರು ಖಂಡಿತ ಆ ಅಂಚನ್ನೇ ಹಿಡಿದು ಕೇಳುತ್ತಿದ್ದರು. ನೋಟದ ಮಿತಿಯ ಆಚೆಗೂ ಇಂಥದೇ ನಕ್ಷತ್ರಗಳ ತೋಟ ಮುಂದುವರಿದಿದೆ ಎಂದು ನಂಬಲು ಎಲ್ಲ ಕಾರಣಗಳೂ ಇವೆ. ಅದು ಕೊನೆಯಿಲ್ಲದೆ ಮುಂದುವರಿದಿದೆಯೇ ಎಂಬುದು ಮಾತ್ರ ಇನ್ನೂ ಯಾರಿಂದಲೂ ತೀರ್ಮಾನವಾಗಿಲ್ಲ.

ಅಜ್ಜಿಗೆ ಅಗಲದ ಚಿಂತೆ ಇರಲಿಲ್ಲ. ಅವಳಿಗೆ ಬೇಕಾದ್ದು ಎಲ್ಲದರ ಮೊದಲು.

ಅಜ್ಜಿ ಶಾಲೆಗೆ ಹೋದದ್ದು ಎರಡೇ ವರ್ಷ. ಆದರೆ 27 ನಕ್ಷತ್ರಗಳ ಹೆಸರನ್ನು ಉಸಿರು ಬಿಡದೆ ಹೇಳುತ್ತಿದ್ದಳು, ಏಕೆಂದರೆ ಅವಳ ಮಟ್ಟಿಗೆ ನಕ್ಷತ್ರವೆಂದರೆ ಮಳೆ. ರೋಹಿಣಿಯಲ್ಲಿ ಬೀಜ, ಮೃಗಶಿರೆಯಲ್ಲಿ ಉಳುಮೆಯ ಅವಸರ, ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎಂಬ ಗಾದೆ, ಪುನರ್ವಸು, ಪುಷ್ಯ ಎಂದು ಲೆಕ್ಕ ಸಾಗುತ್ತಿತ್ತು. ಯಾವ ಮಳೆ ನಡೆಯುತ್ತಿದೆಯೋ ಆ ನಕ್ಷತ್ರವು ಆಗ ಕಣ್ಣಿಗೆ ಬೀಳುವುದೇ ಇಲ್ಲ, ಸೂರ್ಯ ಅದರ ನೆರೆಯಲ್ಲೇ ಇರುತ್ತಾನೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಮೋಡದ ಹಿಂದೆ, ಹಗಲಿನ ಹಿಂದೆ ಅಡಗಿರುವ ನಕ್ಷತ್ರದ ಹೆಸರಿನಲ್ಲಿ ಗದ್ದೆಗೆ ಇಳಿಯುವ ಜನ ನಾವು. ಆ ಆರಿದ್ರಾ ಅಡಿಕೆ ಸುಲಿಯುವ ಕಾಲಕ್ಕೆ ರಾತ್ರಿಯ ಆಕಾಶದಲ್ಲಿ ಕೆಂಪಗೆ ಏರಿ ನಿಂತಿರುತ್ತದೆ.

2020ರ ಜನವರಿಯಲ್ಲಿ ಅದು ಮಂಕಾಗಿತ್ತು. ಪತ್ರಿಕೆಗಳಲ್ಲೂ ಬಂದಿತ್ತು, ಸಿಡಿಯುತ್ತದೆಯೋ ಏನೋ ಎಂದು. ಅಜ್ಜಿಯನ್ನು ಅಂಗಳದಲ್ಲಿ ನಿಲ್ಲಿಸಿ ತೋರಿಸಿದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ತನಗೆ ಹೀಗೆ ಕಾಣುತ್ತಿದೆಯಲ್ಲ ಎಂದು ಅಜ್ಜಿ ಬೇಸರ ಮಾಡಿಕೊಂಡಿದ್ದಳು, ಮಂಕಾದದ್ದು ಕಣ್ಣಲ್ಲ ಎಂದಾಗ ಸಮಾಧಾನವಾಯಿತು. ಫೆಬ್ರುವರಿಯ ಹೊತ್ತಿಗೆ ಅದರ ಹೊಳಪು ಮಾಮೂಲಿನ ಅರ್ಧಕ್ಕೂ ಕೆಳಗಿಳಿಯಿತು, ಆಮೇಲೆ ಮತ್ತೆ ಏರಿತು. ನಕ್ಷತ್ರ ಹೊರಚೆಲ್ಲಿದ ಅನಿಲ ತಣ್ಣಗಾಗಿ ಧೂಳಾಗಿ ಅದರ ಮುಖಕ್ಕೇ ಅಡ್ಡ ಬಂದಿತ್ತು ಎಂದು ಖಗೋಳಶಾಸ್ತ್ರಜ್ಞರು ನಂತರ ಕಂಡುಕೊಂಡರು. ಆ ನಕ್ಷತ್ರದ ದೂರ 500 ಜ್ಯೋತಿರ್ವರ್ಷಕ್ಕೂ ಹೆಚ್ಚು. ನಾವಿಬ್ಬರೂ ಕತ್ತೆತ್ತಿ ನೋಡಿದ ಮಂಕು ಕೃಷ್ಣದೇವರಾಯ ಪಟ್ಟಕ್ಕೆ ಬರುವ ಮೊದಲೇ ಅಲ್ಲಿಂದ ಹೊರಟಿತ್ತು. ಇದನ್ನು ಹೇಳಿದಾಗ ಅಜ್ಜಿ ಸುಮ್ಮನಿದ್ದು, "ಹಾಗಾದರೆ ಮೇಲೆ ಕಾಣುವುದೆಲ್ಲ ಆಗಿಹೋದದ್ದು" ಎಂದಳು. ಹೌದು ಎಂದೆ. "ಎಲ್ಲಕ್ಕಿಂತ ಮೊದಲು ಆದದ್ದು ಕಾಣುತ್ತದೆಯೇ?"

ಈ ಪ್ರಶ್ನೆ ಅವಳ ಬಾಯಿಂದ ಸುಮ್ಮನೆ ಬಂದದ್ದಲ್ಲ. ಅದನ್ನು ಹೇಳಲು ನಾನು ಒಂದು ಬೇಸಿಗೆಯ ಕತೆ ಹೇಳಬೇಕು.

ಅಜ್ಜಿ ಮದುವೆಯಾಗಿ ಬಂದ ಊರು ಈಗ ಶರಾವತಿಯ ಹಿನ್ನೀರಿನ ತಳದಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೀರು ಏರುವ ಮೊದಲು ಮನೆಯ ಹೆಂಚು ಇಳಿಸಿ, ಬಾಗಿಲು ಕಿತ್ತು, ತೊಲೆ ಬಿಚ್ಚಿ ಗಾಡಿಗೆ ಹೇರಿದರು. ತುಳಸಿಯನ್ನು ಮಣ್ಣು ಸಮೇತ ಅಗೆದು ತಂದರು. ಒರಳನ್ನು ತರಲಾಗಲಿಲ್ಲ, ಭಾರವಾಯಿತು. ನಾನು ಚಿಕ್ಕವನಿದ್ದಾಗಿನಿಂದ ಈ ಒರಳಿನ ಮಾತು ಕೇಳಿದ್ದೇನೆ. ಹೊಸ ಮನೆಯಲ್ಲಿ ಎಂಥ ಒರಳು ಬಂದರೂ, ಆಮೇಲೆ ಗ್ರೈಂಡರ್ ಬಂದರೂ, ಆ ಒರಳಿನಲ್ಲಿ ರುಬ್ಬಿದ ಹಿಟ್ಟಿನ ನುಣುಪು ಬರಲಿಲ್ಲ ಎಂದೇ ಅವಳ ಅಭಿಪ್ರಾಯ.

2002ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಯಲ್ಲಿ ಹಿನ್ನೀರು ಬಹಳ ಕೆಳಗಿಳಿಯಿತು. ಲಿಂಗನಮಕ್ಕಿಗೂ ಮೊದಲಿನ, 1948ರಲ್ಲಿ ಕಟ್ಟಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನಲ್ಲಿದೆ. ಇಂಥ ಬೇಸಿಗೆಗಳಲ್ಲಿ ಅದು ನೀರಿನಿಂದ ಎದ್ದು ಬಂದು ನಿಲ್ಲುತ್ತದೆ, ಜನ ನೋಡಲು ಹೋಗುತ್ತಾರೆ. ನಮ್ಮ ಅಜ್ಜಿಗೆ ಅಣೆಕಟ್ಟು ಬೇಕಿರಲಿಲ್ಲ. ತನ್ನ ಮನೆ ನೋಡಬೇಕು ಎಂದಳು. ದೊಡ್ಡಪ್ಪ, ನಾನು, ಅವಳು ಒಂದು ಬೆಳಗ್ಗೆ ಹೊರಟೆವು.

ನೆಲ ಬಿರುಕು ಬಿಟ್ಟಿತ್ತು. ಎತ್ತ ನೋಡಿದರೂ ಕಪ್ಪಾದ ಮರದ ಬುಡಗಳು, ನಾಲ್ಕು ದಶಕ ನೀರಿನಲ್ಲಿದ್ದೂ ಕೊಳೆಯದೆ ನಿಂತವು. ಅಜ್ಜಿ ಒಂದು ತಾಸು ದಿಕ್ಕು ತೋಚದೆ ನಡೆದಳು. ಗುಡ್ಡದ ಸಾಲು ನೋಡುತ್ತಿದ್ದಳು, ನಿಲ್ಲುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ಕೊನೆಗೆ ಒಂದು ದೊಡ್ಡ ಬುಡದ ಹತ್ತಿರ ಇದು ಮಾವು ಎಂದು ಮುಟ್ಟಿ ಹೇಳಿದಳು. ಅಲ್ಲಿಂದ ನೇರ ಹೋಗಿ ಒಂದು ಕಡೆ ಕೋಲಿನಿಂದ ಕೆಸರು ಕೆದಕಿದಳು. ಒರಳು ಅಲ್ಲೇ ಇತ್ತು, ಬಾಯಿಯವರೆಗೂ ಹೂತು. ಅದರ ಗುಂಡಿಯಲ್ಲಿ ಒಂದು ಬೊಗಸೆ ನೀರು ನಿಂತಿತ್ತು. ನೀರಿನಲ್ಲಿ ಬೆರಳಿನ ಉಗುರಿನಷ್ಟು ಎರಡು ಮೀನುಮರಿಗಳಿದ್ದವು. ಅಜ್ಜಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ, ಎದ್ದು ನಿಂತು ಅಳೆಯತೊಡಗಿದಳು. ಒರಳು ಇಲ್ಲಿದ್ದರೆ ಒಲೆ ಅಲ್ಲಿ, ನಾಲ್ಕು ಹೆಜ್ಜೆ. ಒಲೆಯ ಎಡಕ್ಕೆ ಬಚ್ಚಲು. ಇದು ಹಿತ್ತಿಲ ಬಾಗಿಲು. ಜಗುಲಿ ಇಲ್ಲಿಂದ ಶುರು. ಇಲ್ಲಿ ನಿನ್ನ ಅಪ್ಪ ಹುಟ್ಟಿದ. ಅರ್ಧ ಗಂಟೆಯಲ್ಲಿ ಬಿರಿದ ನೆಲದ ಮೇಲೆ ಇಡೀ ಮನೆ ಎದ್ದು ನಿಂತಿತು. ಒಂದು ಕಲ್ಲಿನಿಂದ.

ವಿಶ್ವದ ಮೂಲ ಹುಡುಕುವವರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಅಜ್ಜಿ ಆ ದಿನ ಹೆಜ್ಜೆ ಎಣಿಸಿದ್ದೇ ನೆನಪಿಗೆ ಬರುತ್ತದೆ. ಅವರಿಗೂ ಸಿಕ್ಕಿರುವುದು ಅಳಿದುಳಿದ ಗುರುತುಗಳು. ಅದರಲ್ಲಿ ಬಹಳ ದೊಡ್ಡದೊಂದು ಸಿಕ್ಕಿದ್ದು, ನಮ್ಮ ಊರು ಮುಳುಗಿದ 1964ರಲ್ಲೇ. ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಒಂದು ದೊಡ್ಡ ಕೊಂಬಿನಾಕಾರದ ಆಂಟೆನಾ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾಗ ಎತ್ತ ತಿರುಗಿಸಿದರೂ ಒಂದೇ ಸಮನೆ ಸಣ್ಣ ಗೊಜಗೊಜ ಸದ್ದು ಬರುತ್ತಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದು ನೋಡಿದರು. ಸದ್ದು ಹೋಗಲಿಲ್ಲ. ಅದು ವಿಶ್ವ ಹುಟ್ಟಿ ಸುಮಾರು 3 ಲಕ್ಷ 80 ಸಾವಿರ ವರ್ಷವಾದಾಗ ಹೊರಟ, ಈಗ ತಣಿದು, ಯಾವುದೂ ಅದಕ್ಕಿಂತ ತಣ್ಣಗಾಗಲಾರದ ಸೊನ್ನೆ ಕೆಲ್ವಿನ್‌ಗಿಂತ 2.7 ಡಿಗ್ರಿ ಮಾತ್ರ ಮೇಲಿರುವ ಹಳೆಯ ಬೆಳಕು. ಅವರಿಗೆ 1978ರಲ್ಲಿ ನೊಬೆಲ್ ಬಂತು.

ಆ ಬೆಳಕು ಹೊರಟ ಮೇಲೆ ಬಹಳ ಕಾಲ ಎಲ್ಲೆಲ್ಲೂ ಕತ್ತಲೆ. ನಕ್ಷತ್ರ ಇನ್ನೂ ಹುಟ್ಟಿಲ್ಲ, ಇರುವುದು ಬಹುಪಾಲು ಹೈಡ್ರೋಜನ್. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಹೈಡ್ರೋಜನ್ ಅದನ್ನು ಗುರುತು ಹಾಕಿಕೊಂಡಿರಬೇಕು. ಹೈಡ್ರೋಜನ್ ಪರಮಾಣುವಿಗೆ 21 ಸೆಂಟಿಮೀಟರ್ ಉದ್ದದ ಒಂದು ರೇಡಿಯೋ ಅಲೆ ಸ್ವಂತದ್ದು. ಅಷ್ಟು ಹಿಂದಿನ ಅಲೆ ವಿಶ್ವದ ಜೊತೆ ತಾನೂ ಹಿಗ್ಗಿ ನಮ್ಮನ್ನು ತಲುಪುವಾಗ ಸುಮಾರು 4 ಮೀಟರ್ ಆಗಿರುತ್ತದೆ. ರೇಡಿಯೋದಲ್ಲಿ ನಮ್ಮ ಎಫ್‌ಎಂ ಕೇಂದ್ರಗಳು ಶುರುವಾಗುವ ಜಾಗಕ್ಕಿಂತ ಸ್ವಲ್ಪ ಕೆಳಗೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಂಟೆನಾ ಇಟ್ಟ ಅಮೆರಿಕದ ತಂಡವೊಂದು ಈ ಗುರುತು ಸಿಕ್ಕಿತು ಎಂದು ಪ್ರಕಟಿಸಿತು: 78 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ರೇಡಿಯೋ ಅಲೆಗಳ ಬಲದಲ್ಲಿ ಒಂದು ತಗ್ಗು, ನಿರೀಕ್ಷೆಗಿಂತ ದುಪ್ಪಟ್ಟು ಆಳದ್ದು. ಅಷ್ಟು ಆಳವಾಗಿರಬೇಕಾದರೆ ಭೌತಶಾಸ್ತ್ರವನ್ನೇ ತಿದ್ದಬೇಕಾಗುತ್ತಿತ್ತು.

ಅದನ್ನು ಪರೀಕ್ಷಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು, ಸರಸ್ ಎಂಬ ತಮ್ಮ ಉಪಕರಣದಿಂದ. ನಮ್ಮದೇ ಹಾಲುಹಾದಿಯ ರೇಡಿಯೋ ಗದ್ದಲ ಆ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರು. ಅದರ ಜೊತೆಗೆ ನೆಲದ ಕಾಟ. ಆಂಟೆನಾದ ಕೆಳಗೆ ಒಂದು ಕಡೆ ಬಂಡೆ, ಒಂದು ಕಡೆ ತೇವ, ಒಂದು ಕಡೆ ಜಂಬಿಟ್ಟಿಗೆ ಇದ್ದರೆ ಅಲ್ಲಿಂದ ಮರಳುವ ಅಲೆಗಳು ಇಲ್ಲದ ಏರುತಗ್ಗುಗಳನ್ನು ಹುಟ್ಟಿಸುತ್ತವೆ. ನೀರಾದರೆ ಎಲ್ಲ ಕಡೆ ಒಂದೇ. ಹಾಗಾಗಿ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ ತೇಲಿಬಿಟ್ಟರು. ರೇಡಿಯೋ ಗದ್ದಲವಿಲ್ಲದ, ವಿಶಾಲವಾದ ನೀರು ಬೇಕಿತ್ತು. 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ ಇಟ್ಟರು, ಆಮೇಲೆ ಶರಾವತಿಯ ಹಿನ್ನೀರಿನಲ್ಲಿ.

ನಾನು ಆ ತೆಪ್ಪವನ್ನು ಕಣ್ಣಾರೆ ಕಂಡವನಲ್ಲ. ಫಲಿತಾಂಶ ಪ್ರಕಟವಾದ 2022ರ ಫೆಬ್ರುವರಿಯಲ್ಲಿ ಪತ್ರಿಕೆಯಲ್ಲಿ ಓದಿದಾಗಲೇ ತಿಳಿದದ್ದು. ಓದಿ ಬಹಳ ಹೊತ್ತು ಪತ್ರಿಕೆಯನ್ನು ಮಡಚಲಾಗಲಿಲ್ಲ. ನಾವು ಅಂಗಳದಲ್ಲಿ ನಿಂತು ಆರಿದ್ರಾ ನೋಡಿದ ಅದೇ ದಿನಗಳ ಆಸುಪಾಸಿನಲ್ಲಿ ನಮ್ಮ ನೀರಿನ ಮೇಲೆ ಒಂದು ಆಂಟೆನಾ ಮೊದಲ ನಕ್ಷತ್ರಗಳಿಗೆ ಕಿವಿ ಕೊಟ್ಟು ಕುಳಿತಿತ್ತು. ನಮ್ಮ ಸೀಮೆಯಲ್ಲಿ ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದ್ದಾರೆ, ಹೊತ್ತಿಗೆ ಆಸ್ಪತ್ರೆಗೆ ಕರೆ ಹೋಗದೆ ಜನ ಕಷ್ಟಪಟ್ಟಿದ್ದಾರೆ. ಆ ಕಷ್ಟ ತೀರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಾರಿಗೂ ಬೇಡವಾದಂತಿದ್ದ ನಮ್ಮ ಆ ಮೌನ ಒಂದು ದೊಡ್ಡ ಕೆಲಸಕ್ಕೆ ಒದಗಿತು ಎಂದು ಓದಿದಾಗ ಕಣ್ಣು ತುಂಬಿ ಬಂತು.

ಅಜ್ಜಿಗೆ ಆಗ 82. ಮೇಲೇಳುವುದು ಕಡಿಮೆಯಾಗಿತ್ತು. ಮಂಚದ ಪಕ್ಕ ಕುಳಿತು ಓದಿ ಹೇಳಿದೆ. ನೀರಿನ ಮೇಲೆ ತೇಲಿಬಿಟ್ಟರು ಎಂದಾಗ ಯಾವ ಕಡೆ, ಎಂದು ಮೊದಲು ಕೇಳಿದಳು. ಎಲ್ಲದಕ್ಕಿಂತ ಮೊದಲು ಆದದ್ದು ಕಾಣುತ್ತದೆಯೇ ಎಂದು ನೀನು ಕೇಳಿದ್ದೆಯಲ್ಲ, ಅವರು ಹುಡುಕಿದ್ದು ಅದಕ್ಕೆ ಬಹಳ ಹತ್ತಿರದ್ದನ್ನು ಎಂದೆ. ಅವಳ ಕೈಯಲ್ಲಿ ನೀರಿನ ಲೋಟವಿತ್ತು. ಅದನ್ನು ತೋರಿಸಿ ನನಗೆ ಗೊತ್ತಿದ್ದ ಇನ್ನೊಂದು ಮಾತು ಹೇಳಿದೆ. ನೀರಿನಲ್ಲಿರುವ ಪ್ರತಿ ಮೂರು ಪರಮಾಣುಗಳಲ್ಲಿ ಎರಡು ಹೈಡ್ರೋಜನ್. ಆಮ್ಲಜನಕವಾದರೆ ಯಾವುದೋ ನಕ್ಷತ್ರದ ಒಡಲಲ್ಲಿ ಬೆಂದು ಬಂದದ್ದು. ಹೈಡ್ರೋಜನ್‌ನ ಬೀಜ ಮಾತ್ರ ವಿಶ್ವ ಹುಟ್ಟಿದ ಮೊದಲ ಕೆಲವು ನಿಮಿಷಗಳೊಳಗೇ ಆದದ್ದು, ನಕ್ಷತ್ರಗಳಿಗಿಂತ ಹಳೆಯದು. ನಮ್ಮ ಮನೆಯನ್ನು ಮುಳುಗಿಸಿದ ನೀರೂ ಅದರಿಂದಲೇ ಆದದ್ದು, ಆ ತೆಪ್ಪ ಹುಡುಕುತ್ತಿದ್ದದ್ದೂ ಅದೇ ಹೈಡ್ರೋಜನ್‌ನ ದನಿಯನ್ನು. ಅಜ್ಜಿ ಲೋಟದೊಳಗೆ ಬಗ್ಗಿ ನೋಡಿದಳು. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಸಿಕ್ಕಿತೇ?"

ಇಲ್ಲ ಎಂದೆ. ಆಸ್ಟ್ರೇಲಿಯಾದಲ್ಲಿ ಸಿಕ್ಕಿತು ಎಂದಿದ್ದರಲ್ಲ, ಅಂಥದ್ದು ಇಲ್ಲಿ ಕಾಣಲಿಲ್ಲ. ಶೇಕಡಾ 95.3ರಷ್ಟು ಖಚಿತವಾಗಿ ಅದು ಆಕಾಶದಿಂದ ಬಂದದ್ದಲ್ಲ ಎಂದು ಬರೆದಿದ್ದಾರೆ. ಮೊದಲ ನಕ್ಷತ್ರಗಳ ನಿಜವಾದ ಗುರುತನ್ನು ಇನ್ನೂ ಹುಡುಕಬೇಕಿದೆ. ಇಷ್ಟು ಹೇಳುವಾಗ ನನಗೆ ಒಳಗೇ ಅಳುಕು, ಸಿಗಲಿಲ್ಲ ಎಂದು ಹೇಳಲು ಇಷ್ಟೆಲ್ಲ ಬೇಕಿತ್ತೇ ಎಂದು ಅವಳು ಕೇಳಿಬಿಟ್ಟರೆ ಎಂದು.

ಅಜ್ಜಿ ಹಾಗೆ ಕೇಳಲಿಲ್ಲ. "ಮೊದಲು ನಾನೂ ಬೇರೆ ಯಾವುದೋ ಬುಡವನ್ನು ಮಾವು ಎಂದುಕೊಂಡಿದ್ದೆ, ನೆನಪಿದೆಯೇ?" ಎಂದಳು. ನನಗೆ ನೆನಪಿರಲಿಲ್ಲ. ಆ ಬೆಳಗ್ಗೆ ನಮಗೆ ಹೇಳದೆ ಅವಳು ಎರಡು ಕಡೆ ಕೆದಕಿ, ಇದಲ್ಲ ಎಂದು ಬಿಟ್ಟು ಮುಂದೆ ಹೋಗಿದ್ದಳಂತೆ. ಇದಲ್ಲ ಎಂದು ಗೊತ್ತಾದ ಮೇಲೆಯೇ ಗುಡ್ಡದ ಸಾಲು ಸರಿಯಾಗಿ ಕಂಡದ್ದಂತೆ.

"ಅವರಿಗೆ ಒರಳು ಇನ್ನೂ ಸಿಕ್ಕಿಲ್ಲ, ಅಷ್ಟೇ ತಾನೇ" ಎಂದು ಹೊದಿಕೆ ಎಳೆದುಕೊಂಡಳು. ಆಮೇಲೆ, ಹಿನ್ನೀರಿನಲ್ಲಿ ಈ ವರ್ಷ ನೀರು ಎಲ್ಲಿಯವರೆಗೆ ಇದೆ ಎಂದು ಕೇಳಿದಳು. ಜಲಾಶಯದ ಮಟ್ಟ ಬರೆಯುವ ಸಾಲನ್ನು ಪತ್ರಿಕೆಯಲ್ಲಿ ಹುಡುಕಿ ಓದಿದೆ. ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಇಷ್ಟು ನೀರಿದ್ದರೆ ಮಾವಿನ ಬುಡ ಈ ಬೇಸಿಗೆಗೆ ಕಾಣುವುದಿಲ್ಲ ಎಂದಳು.